ಕಿಕ್ ಹಗುರ, ಏರಿನಲ್ಲಿ ಎಳೆತ ಇಲ್ಲ: ಸ್ಪ್ಲೆಂಡರ್ ಎಂಜಿನ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಮಡಿಕೇರಿ_ಮಳೆಗಾಲ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಹೀರೋ ಹೋಂಡಾ ಸ್ಪ್ಲೆಂಡರ್ ಇದೆ, 2003ರ ಮಾಡೆಲ್, ಕಿಕ್ ಮಾತ್ರ, ಸೆಲ್ಫ್ ಇಲ್ಲ. ಈಗ ನಾನು ಓಡಿಸುತ್ತಿದ್ದೇನೆ. ಮೀಟರ್ ಯಾವಾಗಲೋ ನಿಂತಿದೆ, ಹಾಗಾಗಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳಬೇಡಿ.

ತೊಂದರೆ ಇಷ್ಟು. ಕಿಕ್ ಮೊದಲಿನ ಹಾಗೆ ಗಟ್ಟಿ ಇಲ್ಲ, ಕಾಲಿಟ್ಟರೆ ಸೀದಾ ಕೆಳಗೆ ಹೋಗುತ್ತದೆ. ಬೆಳಿಗ್ಗೆ ಚೋಕ್ ಎಳೆದು ಬೆವರು ಬರುವ ತನಕ ಹೊಡೆಯಬೇಕು. ಏರಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದದ್ದು ಈಗ ಎರಡಕ್ಕೆ ಇಳಿಯುತ್ತದೆ. ಸ್ಟಾರ್ಟ್ ಆದಾಗ ಸ್ವಲ್ಪ ನೀಲಿ ಹೊಗೆ, ಆಮೇಲೆ ಕಾಣಿಸುವುದಿಲ್ಲ.

ಗ್ಯಾರೇಜಿನವರು ಕಿಕ್ ಒತ್ತಿ ನೋಡಿದ ಕೂಡಲೇ "ಬೋರ್ ಹೋಗಿದೆ, ಬ್ಲಾಕ್ ಪಿಸ್ಟನ್ ಎಲ್ಲ ಹಾಕಬೇಕು" ಎಂದರು. ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದು. ನಾನು ಆನ್‌ಲೈನ್‌ನಲ್ಲಿ ಒಂದು ಕಂಪ್ರೆಶನ್ ಗೇಜ್ (ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟಕ್ಕೆ ಏರುತ್ತದೆ ಎಂದು ಅಳೆಯುವುದು) ತರಿಸಿ ನೋಡಿದೆ. 60 ಪಿಎಸ್‌ಐ ಬಂತು. ಒಳ್ಳೆಯ ಎಂಜಿನ್‌ಗೆ 150 ಬರಬೇಕು ಎಂದು ಎಲ್ಲ ಕಡೆ ಬರೆದಿದ್ದಾರೆ. ಹಾಗಾದರೆ ಎಂಜಿನ್ ಮುಗಿದೇ ಹೋಯಿತಾ? ಅಥವಾ ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳುವ ದಾರಿ ಇದೆಯಾ?

ದಾವಣಗೆರೆ_ಡಬಲ್ಸ್

ಸುಮ್ನೆ ಯಾಕೆ ತಲೆಬಿಸಿ ಗುರು. ಇಪ್ಪತ್ತು ವರ್ಷದ ಗಾಡಿ. 60 ಅಂದರೆ ಏನೂ ಉಳಿದಿಲ್ಲ. ಬ್ಲಾಕ್ ಪಿಸ್ಟನ್ ಕಿಟ್ ಹಾಕಿಸಿ, ಹೆಡ್ ಕೆಲಸನೂ ಮಾಡಿಸಿ, ಇನ್ನು ಹತ್ತು ವರ್ಷ ಚಿಂತೆ ಇಲ್ಲ. ಸ್ಪ್ಲೆಂಡರ್ ಸಾಮಾನು ಎಲ್ಲ ಊರಲ್ಲೂ ಸಿಗುತ್ತದೆ.

ಹುಬ್ಬಳ್ಳಿ_ಗ್ಯಾರೇಜ್

ಸ್ವಲ್ಪ ತಡೀರಿ. ನಾನೂ ಗ್ಯಾರೇಜ್ ಇಟ್ಟವನೇ, ಕಿಟ್ ಹಾಕಿದರೆ ನಮಗೇ ಲಾಭ. ಆದರೂ ಹೇಳುತ್ತೇನೆ: ಕಿಕ್ ಒತ್ತಿ ನೋಡಿ ಬೋರ್ ಹೋಗಿದೆ ಎಂದು ಹೇಳಲು ಆಗುವುದಿಲ್ಲ. ಕಂಪ್ರೆಶನ್ ಕಮ್ಮಿ ಇದೆ ಎಂದು ಹೇಳಬಹುದು, ಅದೂ ಯಾವಾಗಲೂ ಅಲ್ಲ.

ಮೊದಲು ಕ್ಲಚ್ ನೋಡಿ. ಸ್ಪ್ಲೆಂಡರ್‌ನಲ್ಲಿ ನ್ಯೂಟ್ರಲ್ ಇಲ್ಲದೆ ಕಿಕ್ ಆಗುವುದಿಲ್ಲ, ಅಲ್ವಾ? ಯಾಕೆಂದರೆ ಕಿಕ್ಕಿನ ಶಕ್ತಿ ಗೇರ್‌ಬಾಕ್ಸ್ ಮೂಲಕ, ಕ್ಲಚ್ ಮೂಲಕ ಕ್ರ್ಯಾಂಕ್‌ಗೆ (ಪಿಸ್ಟನ್ ಓಡಾಡಿಸುವ ದಂಡಕ್ಕೆ) ಹೋಗುತ್ತದೆ. ಕ್ಲಚ್ ಪ್ಲೇಟ್ ಜಾರುತ್ತಿದ್ದರೆ ಕಿಕ್ ಹಗುರ ಅನ್ನಿಸುತ್ತದೆ, ಏರಿನಲ್ಲಿ ಎಳೆತವೂ ಇರುವುದಿಲ್ಲ. ನೀವು ಹೇಳಿದ ಎರಡು ಲಕ್ಷಣಗಳೂ ಅದಕ್ಕೆ ಹೊಂದುತ್ತವೆ! ಎಡಗಡೆ ಮ್ಯಾಗ್ನೆಟ್ ಕವರ್ ಮೇಲೆ ದೊಡ್ಡ ಮುಚ್ಚಳ ಇದೆ. ಅದನ್ನು ತೆಗೆದರೆ ಒಳಗೆ ಕ್ರ್ಯಾಂಕಿನ ನಟ್ಟು ಕಾಣುತ್ತದೆ. ಕೈಯಿಂದ ನಿಧಾನಕ್ಕೆ ಕಿಕ್ ಒತ್ತಿ. ಕಿಕ್ ಇಳಿಯುತ್ತಿದ್ದರೂ ನಟ್ಟು ನಿಂತಲ್ಲೇ ನಿಂತಿದ್ದರೆ ಕಳ್ಳ ಕ್ಲಚ್. ಕ್ಲಚ್ ಕೇಬಲ್ ತೀರಾ ಬಿಗಿ ಇದೆಯಾ, ಅದನ್ನೂ ನೋಡಿ.

ಇನ್ನು ಗೇಜ್ ವಿಷಯ. ಹೇಗೆ ನೋಡಿದಿರಿ ಎಂದು ಹೇಳಿ. ಎಂಜಿನ್ ಬಿಸಿ ಇತ್ತಾ? ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದಿದ್ದಿರಾ? ಮುಚ್ಚಿದ್ದರೆ ಗಾಳಿಯೇ ಒಳಗೆ ಹೋಗುವುದಿಲ್ಲ, ಅಳೆಯುವುದೇನನ್ನು? ಮುಳ್ಳು ಏರುವುದು ನಿಲ್ಲುವ ತನಕ ಗಟ್ಟಿಯಾಗಿ ಕಿಕ್ ಹೊಡೆದಿರಾ? ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಕೊನೆಗೆ ಯಾವಾಗ ನೋಡಿದ್ದು?

ಮಡಿಕೇರಿ_ಮಳೆಗಾಲ

ಹುಬ್ಬಳ್ಳಿ ಸರ್, ತುಂಬಾ ಧನ್ಯವಾದ. ಮುಚ್ಚಳ ತೆಗೆದು ನೋಡಿದೆ. ಕಿಕ್ ಜೊತೆಗೇ ನಟ್ಟು ತಿರುಗುತ್ತದೆ, ಜಾರುತ್ತಿಲ್ಲ. ಎಂಜಿನ್ ಬಿಸಿ ಮಾಡಿಯೇ ನೋಡಿದ್ದು, ಎಕ್ಸಲರೇಟರ್ ಪೂರ್ತಿ ತೆರೆದಿತ್ತು. ಟ್ಯಾಪೆಟ್ ಯಾವಾಗ ಮಾಡಿಸಿದ್ದೋ ಅಪ್ಪನಿಗೂ ನೆನಪಿಲ್ಲ. ಆದರೆ ಟ್ಯಾಪೆಟ್ ಸದ್ದು ಒಂಚೂರೂ ಇಲ್ಲ, ಎಂಜಿನ್ ಬಹಳ ಸೈಲೆಂಟ್. ಅದು ಸರಿ ಇದೆ ಅಂದುಕೊಂಡಿದ್ದೇನೆ.

ಹುಬ್ಬಳ್ಳಿ_ಗ್ಯಾರೇಜ್

ಸದ್ದಿಲ್ಲ ಎಂದರೆ ನನಗೆ ಹೆದರಿಕೆ ಜಾಸ್ತಿ. ಸಡಿಲ ಟ್ಯಾಪೆಟ್ ಟಕ ಟಕ ಎಂದು ಹೇಳಿಕೊಳ್ಳುತ್ತದೆ. ಬಿಗಿ ಟ್ಯಾಪೆಟ್ ಬಾಯಿ ಬಿಡದೆ ವಾಲ್ವ್ ಸುಡುತ್ತದೆ. ಗಾಡಿ ಓಡುತ್ತಾ ಓಡುತ್ತಾ ವಾಲ್ವ್ ತಾನು ಮುಚ್ಚಿ ಕೂರುವ ಸೀಟಿನೊಳಗೆ ಇಳಿಯುತ್ತದೆ, ಇಳಿದಷ್ಟೂ ಟ್ಯಾಪೆಟ್ ಸಂದು ಕಮ್ಮಿ ಆಗುತ್ತದೆ. ಸಂದು ಪೂರ್ತಿ ಹೋದ ಮೇಲೆ ವಾಲ್ವ್ ಸೀಟಿನ ಮೇಲೆ ಕೂರುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿ ಇಳಿಸಿಕೊಳ್ಳುವುದು ಸೀಟಿಗೆ ತಾಗಿ ಕೂತಾಗ. ಕೂರಲು ಬಿಡದಿದ್ದರೆ ಸುಡದೆ ಏನಾಗುತ್ತದೆ?

ರಾತ್ರಿ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿದ್ದಾಗ ನೋಡಿ. ಮ್ಯಾಗ್ನೆಟ್ ಮೇಲಿನ ಟಿ ಗುರುತನ್ನು ಗೀಟಿಗೆ ಸರಿಯಾಗಿ ತನ್ನಿ. ಎಡಗಡೆಯಿಂದ ನೋಡಿದರೆ ಗಡಿಯಾರದ ಉಲ್ಟಾ ತಿರುಗಿಸಬೇಕು. ಎರಡೂ ರಾಕರ್ ಅಲ್ಲಾಡಿದರೆ ಕಂಪ್ರೆಶನ್ ಸ್ಟ್ರೋಕ್. ಒಂದು ರಾಕರ್ ಅಲ್ಲಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಆಗಲೂ ಅಲ್ಲಾಡದಿದ್ದರೆ ಕಳ್ಳ ಸಿಕ್ಕ.

ಬೆಂಗಳೂರು_ಟೂಲ್‌ಬಾಕ್ಸ್

ಮಡಿಕೇರಿಯವರೇ, ಗೇಜಿನ ಬಗ್ಗೆ ಒಂದು ಪ್ರಶ್ನೆ. ಅದರ ಪೈಪ್ ಎಷ್ಟು ಉದ್ದ? ಸ್ಪ್ಲೆಂಡರ್ ಪ್ಲಗ್ 10 ಎಂ.ಎಂ. ಚೂಡಿಯದು (ಚೂಡಿ ಅಂದರೆ ತಿರುಪಿನ ಭಾಗ). ಕಾರಿನ ಗೇಜ್ ಕಿಟ್‌ನಲ್ಲಿ 14, 18 ಬರುತ್ತವೆ, 10ಕ್ಕೆ ಅಡಾಪ್ಟರ್ ಸೇರಿಸಬೇಕು. ನಿಮ್ಮದೂ ಹಾಗೇ ಇರಬೇಕು ಎಂದು ಊಹಿಸುತ್ತೇನೆ. ಮುಖ್ಯ ಪ್ರಶ್ನೆ: ಗಾಳಿ ಹಿಂದೆ ಬರದಂತೆ ತಡೆಯುವ ಸಣ್ಣ ವಾಲ್ವ್ ಇರುತ್ತದಲ್ಲ, ಟ್ಯೂಬಿನ ಮೂತಿಯಲ್ಲಿ ಇರುತ್ತದಲ್ಲ ಅಂಥದ್ದೇ. ಅದು ಪ್ಲಗ್ ಕಡೆ ತುದಿಯಲ್ಲಿದೆಯಾ, ಗೇಜ್ ಕಡೆ ತುದಿಯಲ್ಲಿದೆಯಾ?

ಮಡಿಕೇರಿ_ಮಳೆಗಾಲ

ಕಾರಿನ ಕಿಟ್ಟೇ ಸರ್, ಅಡಾಪ್ಟರ್ ಹಾಕಿದ್ದೇನೆ. ಪೈಪ್ ಒಂದಡಿ ಇರಬಹುದು. ವಾಲ್ವ್ ಗೇಜ್ ಹತ್ತಿರ ಇದೆ, ಪ್ಲಗ್ ಕಡೆ ಏನೂ ಇಲ್ಲ.

ಬೆಂಗಳೂರು_ಟೂಲ್‌ಬಾಕ್ಸ್

ಹಾಗಾದರೆ ಆ 60ನ್ನು ನಂಬಬೇಡಿ. ಲೆಕ್ಕ ಹಾಕೋಣ, ಬೇಸರ ಬೇಡ.

ಸ್ಪ್ಲೆಂಡರ್ ಬೋರಿನ ಅಗಲ 50 ಎಂ.ಎಂ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 49.5 ಎಂ.ಎಂ. ಅಂದರೆ 97.2 ಸಿಸಿ. ಕಂಪ್ರೆಶನ್ ರೇಶಿಯೋ, ಅಂದರೆ ಒಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು, 9ರ ಆಸುಪಾಸು. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಉಳಿಯುವ ಜಾಗ ಎಷ್ಟು? 97.2ನ್ನು 8ರಿಂದ (9ರಲ್ಲಿ 1 ಕಳೆದು) ಭಾಗಿಸಿ. ಸುಮಾರು 12 ಸಿಸಿ. ಅಷ್ಟೇ! ಈಗ ನಿಮ್ಮ ಪೈಪ್. ಒಳಗಿನ ಅಗಲ 5 ಎಂ.ಎಂ., ಉದ್ದ 30 ಸೆಂ.ಮೀ. ಎಂದುಕೊಂಡರೆ ಅದರೊಳಗೆ ಹೆಚ್ಚುಕಮ್ಮಿ 6 ಸಿಸಿ ಜಾಗ. ವಾಲ್ವ್ ಆ ಕಡೆ ತುದಿಯಲ್ಲಿರುವುದರಿಂದ ಪ್ರತಿ ಕಿಕ್ಕಿಗೂ ಆ ಪೈಪಿನ ಜಾಗ ಸಿಲಿಂಡರಿಗೇ ಸೇರುತ್ತದೆ. 12 ಇದ್ದದ್ದು 18 ಆಯಿತು. ರೇಶಿಯೋ 9ರಿಂದ 6.4ಕ್ಕೆ ಬಿತ್ತು. ಹೊಚ್ಚ ಹೊಸ ಎಂಜಿನ್ ಕೂಡ ಈ ಗೇಜಿನಲ್ಲಿ 150 ತೋರಿಸುವುದಿಲ್ಲ.

ಕಾರಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಒಂದೊಂದು ಸಿಲಿಂಡರೇ ಸಾಮಾನ್ಯವಾಗಿ 250 ಸಿಸಿಗೂ ಜಾಸ್ತಿ ಇರುತ್ತದೆ. ನಮ್ಮ 100 ಸಿಸಿ ಗಾಡಿಗಳಲ್ಲಿ ಮಾತ್ರ ಪೈಪೇ ಎಂಜಿನ್‌ನ ಅರ್ಧ ಜಾಗ ತಿನ್ನುತ್ತದೆ. ವಾಲ್ವ್ ಪ್ಲಗ್ ಕಡೆ ತುದಿಯಲ್ಲೇ ಇದ್ದರೆ ಪೈಪ್ ಉದ್ದ ಇದ್ದರೂ ಪರವಾಗಿಲ್ಲ. ಕೆಲವು ಕಿಕ್ಕಿಗೆ ಪೈಪ್ ತುಂಬಿಕೊಳ್ಳುತ್ತದೆ, ಆಮೇಲೆ ಸರಿಯಾದ ಅಂಕಿ ಬರುತ್ತದೆ. ಬೈಕಿಗೆ ಗೇಜ್ ಕೊಳ್ಳುವವರು ನೋಡಬೇಕಾದದ್ದು ಇದನ್ನು. ಬಣ್ಣದ ಡಬ್ಬಿ, ಎಂಟು ಅಡಾಪ್ಟರ್ ಇವೆಲ್ಲ ಆಮೇಲೆ.

ಕರಾವಳಿ_ಸವಾರಿ

ಇನ್ನೊಂದು ವಿಷಯ ಮಾರಾಯ್ರೆ. ಅವರು ಇರುವುದು ಮಡಿಕೇರಿಯಲ್ಲಿ. ಸಮುದ್ರದಿಂದ ಸುಮಾರು 1,170 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ನಮ್ಮ ಮಂಗಳೂರಿಗಿಂತ ಶೇಕಡಾ 13ರಷ್ಟು ಕಮ್ಮಿ. ಎಂಜಿನ್ ಎಳೆದುಕೊಳ್ಳುವ ಗಾಳಿಯೇ ತೆಳು. ಇಲ್ಲಿ 150 ತೋರಿಸುವ ಗಾಡಿಯನ್ನು ಸಂಪಾಜೆ ಘಾಟಿ ಹತ್ತಿಸಿ ಅಲ್ಲಿ ಅಳೆದರೆ 130ರ ಹತ್ತಿರ ಬರುತ್ತದೆ. ಎಂಜಿನ್ ಏನೂ ಹಾಳಾಗಿರುವುದಿಲ್ಲ.

ಹಾಗಾಗಿ ಇಂಟರ್ನೆಟ್‌ನ ಅಂಕಿ ಬಿಡಿ. ನೆಂಟರ ಹತ್ತಿರವೋ ಪಕ್ಕದ ಮನೆಯಲ್ಲೋ ಚೆನ್ನಾಗಿ ಓಡುವ ಇನ್ನೊಂದು ಸ್ಪ್ಲೆಂಡರ್ ಇದ್ದೇ ಇರುತ್ತದೆ. ಅದೇ ಗೇಜ್, ಅದೇ ಊರು, ಅದೇ ಕಾಲು. ಎರಡನ್ನೂ ಅಳೆದು ಹೋಲಿಸಿ.

ಬೆಂಗಳೂರು_ಟೂಲ್‌ಬಾಕ್ಸ್

ಇದು ಎಲ್ಲಕ್ಕಿಂತ ಒಳ್ಳೆಯ ಸಲಹೆ. ನಾನು ಲೆಕ್ಕ ಹಾಕಿ ಕೈ ನೋಯಿಸಿಕೊಂಡದ್ದು ದಂಡ.

ಮಡಿಕೇರಿ_ಮಳೆಗಾಲ

ಕರಾವಳಿ ಅಕ್ಕ ಹೇಳಿದ ಹಾಗೆ ಮಾಡಿದೆ. ಚಿಕ್ಕಪ್ಪನ ಮಗನ ಸ್ಪ್ಲೆಂಡರ್ ಪ್ಲಸ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಹೊಗೆ ಇಲ್ಲ. ನನ್ನ ಗೇಜಿನಲ್ಲಿ ಅದು 85 ತೋರಿಸಿತು. 85! ಈ ಗೇಜ್ ನಂಬಿದ್ದರೆ ಅವನ ಗಾಡಿಯನ್ನೂ ಬಿಚ್ಚಿಸುತ್ತಿದ್ದೆ.

ಟ್ಯಾಪೆಟ್ ನೋಡಿದೆ. ಮೇಲಿನ ಇನ್‌ಲೆಟ್ ರಾಕರ್ ಸ್ವಲ್ಪ ಅಲ್ಲಾಡುತ್ತದೆ. ಕೆಳಗಿನ ಎಕ್ಸಾಸ್ಟ್ ಒಂಚೂರೂ ಇಲ್ಲ. ಹುಬ್ಬಳ್ಳಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಸಂದು ಅಳೆಯುವ ಫೀಲರ್ ಗೇಜ್ ಹಾಕಿ ಮ್ಯಾನ್ಯುಯಲ್‌ನಲ್ಲಿದ್ದ ಅಳತೆಗೆ ತಂದೆ. ಈಗ 68 ಬರುತ್ತದೆ. ಕಿಕ್ ಸ್ವಲ್ಪ ಗಟ್ಟಿ ಆಗಿದೆ, ಆದರೆ ಇನ್ನೂ 85 ಇಲ್ಲ.

ದಾವಣಗೆರೆ_ಡಬಲ್ಸ್

ಹಾಗಾದರೆ ಉಳಿದದ್ದು ರಿಂಗ್ (ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ) ಅಲ್ವಾ. ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಎಣ್ಣೆ ರಿಂಗಿನ ಸಂದು ಮುಚ್ಚುತ್ತದೆ, ಹಾಗಾಗಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಎಲ್ಲ ಪುಸ್ತಕದಲ್ಲೂ ಇದೆ.

ಬೆಂಗಳೂರು_ಟೂಲ್‌ಬಾಕ್ಸ್

ಪುಸ್ತಕದಲ್ಲಿದೆ, ಸರಿ. ಆದರೆ ಒಂದು ಚಮಚ ಅಂದರೆ 5 ಸಿಸಿ. ಮೇಲೆ ಇರುವ ಜಾಗವೇ 12 ಸಿಸಿ. ಅದರಲ್ಲಿ 5 ಸಿಸಿ ಎಣ್ಣೆ ತುಂಬಿದರೆ ಉಳಿಯುವುದು 7. ರಿಂಗ್ ಸರಿ ಇರಲಿ ಹಾಳಾಗಿರಲಿ, ಅಂಕಿ ಮೇಲೇರಲೇಬೇಕು. ಸಿರಿಂಜ್‌ನಲ್ಲಿ 2 ಸಿಸಿಗಿಂತ ಜಾಸ್ತಿ ಬೇಡ.

ಇನ್ನೊಂದು ತೊಡಕು ಈ ಎಂಜಿನ್‌ನದ್ದೇ. ಬುಲೆಟ್, ಯೆಜ್ಡಿ ಹಾಗೆ ಸಿಲಿಂಡರ್ ನಿಂತಿಲ್ಲ, ಮುಂದಕ್ಕೆ ಹೆಚ್ಚುಕಮ್ಮಿ ಮಲಗಿದೆ. ಬಿಟ್ಟ ಎಣ್ಣೆ ಕೆಳಗಿನ ಗೋಡೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಿನ ಅರ್ಧ ರಿಂಗಿಗೆ ತಾಗುವುದೇ ಕಷ್ಟ. ಎಣ್ಣೆ ಬಿಟ್ಟ ಮೇಲೆ ಗೇಜ್ ಹಾಕದೆ ನಾಲ್ಕಾರು ಸಲ ಕಿಕ್ ತಿರುಗಿಸಿ, ಎಣ್ಣೆ ಸುತ್ತಲೂ ಹರಡಲಿ. ಪ್ಲಗ್ ತೂತಿನ ಎದುರು ಮುಖ ಇಡಬೇಡಿ, ಪಿಚಕಾರಿ ಹೊಡೆದಂತೆ ಹಾರುತ್ತದೆ. ಇಗ್ನಿಶನ್ ಆಫ್ ಇರಲಿ, ಪ್ಲಗ್ಗನ್ನು ಕ್ಯಾಪಿಗೆ ಹಾಕಿ ಎಂಜಿನ್ ಲೋಹಕ್ಕೆ ತಾಗಿಸಿಡಿ. ಪೆಟ್ರೋಲ್ ಆವಿ ಬರುವ ಜಾಗದಲ್ಲಿ ಕಿಡಿ ಹಾರುವುದು ಬೇಡ.

ಮಡಿಕೇರಿ_ಮಳೆಗಾಲ

2 ಸಿಸಿ ಬಿಟ್ಟು ನೋಡಿದೆ. 68 ಇದ್ದದ್ದು 75 ಆಯಿತು. ಏರಿತು ಅನ್ನಬೇಕಾ, ಏರಲಿಲ್ಲ ಅನ್ನಬೇಕಾ?

ದಾವಣಗೆರೆ_ಡಬಲ್ಸ್

ಏರಿತು. ರಿಂಗ್.

ಬೆಂಗಳೂರು_ಟೂಲ್‌ಬಾಕ್ಸ್

ಅವಸರ ಬೇಡ. ನಿಮ್ಮ ಪೈಪ್ ಸೇರಿ 18 ಸಿಸಿ ಜಾಗ ಇತ್ತು. ಎಣ್ಣೆ 2 ಸಿಸಿ ತುಂಬಿತು, 16 ಉಳಿಯಿತು. ಬರೀ ಇಷ್ಟಕ್ಕೇ ಏಳೆಂಟು ಪಿಎಸ್‌ಐ ಏರುತ್ತದೆ. ಅಂದರೆ ರಿಂಗಿನಿಂದ ಏರಿದ್ದು ಹೆಚ್ಚೇನೂ ಇಲ್ಲ. ರಿಂಗ್ ಸವೆದಿದ್ದರೆ ಎಣ್ಣೆ ಬಿಟ್ಟಾಗ ಚಿಕ್ಕಪ್ಪನ ಮಗನ ಗಾಡಿಯ ಅಂಕಿಯನ್ನೂ ದಾಟಬೇಕಿತ್ತು. ನನ್ನ ಅನುಮಾನ ವಾಲ್ವ್ ಮೇಲೆ. ಆದರೂ ಸಿಲಿಂಡರ್ ಮಲಗಿರುವುದರಿಂದ ಇದೊಂದನ್ನೇ ನಂಬಿ ಹೆಡ್ ಬಿಚ್ಚಿ ಎಂದು ಹೇಳುವುದಿಲ್ಲ.

ಮೈಸೂರು_ಯೆಜ್ಡಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೈಯಬೇಡಿ. ಟೂ ಸ್ಟ್ರೋಕ್‌ನವರು ಈ ಎಣ್ಣೆ ಪರೀಕ್ಷೆಯನ್ನು ನಕಲು ಮಾಡಬೇಡಿ. ನಮ್ಮಲ್ಲಿ ವಾಲ್ವೇ ಇಲ್ಲ, ರಿಂಗ್ ಅಲ್ಲ ಅಂದರೆ ಇನ್ಯಾವುದು ಎಂದು ಇದು ಹೇಳುವುದಿಲ್ಲ. ಪೋರ್ಟ್ (ಸಿಲಿಂಡರ್ ಗೋಡೆಯ ತೂತು) ಮುಚ್ಚಿದ ಮೇಲೆ ಮಾತ್ರ ಒತ್ತಡ ಏರುವುದರಿಂದ ಅಂಕಿಯೂ ಬೇರೆ ಬರುತ್ತದೆ, ಫೋರ್ ಸ್ಟ್ರೋಕ್ ಜೊತೆ ಹೋಲಿಸಬೇಡಿ.

ಯೆಜ್ಡಿ ಆಗಲಿ ಆರ್‌ಎಕ್ಸ್ 100 ಆಗಲಿ, ಸೈಲೆನ್ಸರ್ ಕಳಚಿ ಎಕ್ಸಾಸ್ಟ್ ಪೋರ್ಟಿನಲ್ಲಿ ಟಾರ್ಚ್ ಬಿಡಿ. ಪಿಸ್ಟನ್ ಪಕ್ಕ, ರಿಂಗ್ ಎರಡೂ ಕಣ್ಣಿಗೇ ಕಾಣುತ್ತವೆ. ನೆಟ್ಟಗೆ ಗೀರು ಇದ್ದರೆ ಬೋರ್ ತೆರೆದು ನೋಡದೆ ಬೇರೆ ದಾರಿ ಇಲ್ಲ. ಸ್ಕ್ರೂಡ್ರೈವರ್ ತುದಿಯಿಂದ ರಿಂಗ್ ಮೆತ್ತಗೆ ಒತ್ತಿ. ಸ್ಪ್ರಿಂಗ್ ಹಾಗೆ ಮರಳಿದರೆ ಸರಿ, ಕಾರ್ಬನ್ನಿನಲ್ಲಿ ಅಂಟಿ ಕೂತಿದ್ದರೆ ಮರಳುವುದಿಲ್ಲ. ಫೋರ್ ಸ್ಟ್ರೋಕ್‌ನವರಿಗೆ ಈ ಭಾಗ್ಯ ಇಲ್ಲ.

ಗೇಜಿನಲ್ಲಿ ಅಂಕಿ ಚೆನ್ನಾಗಿದ್ದೂ ಸ್ಟಾರ್ಟ್ ಆಗದಿದ್ದರೆ ಕ್ರ್ಯಾಂಕ್ ಸೀಲನ್ನೂ ಅನುಮಾನಿಸಿ. ಟೂ ಸ್ಟ್ರೋಕ್‌ನಲ್ಲಿ ಕೆಳಗೂ ಒಂದು ಕಂಪ್ರೆಶನ್ ಇದೆ, ಪ್ಲಗ್ ತೂತಿನ ಗೇಜ್ ಅದನ್ನು ತೋರಿಸುವುದೇ ಇಲ್ಲ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದರೆ ಅಲ್ಲಿಂದ ಬಂದ ಅತಿ ಚಿಕ್ಕ ವಯಸ್ಸಿನ ಯೆಜ್ಡಿಗೂ ಈಗ ವಯಸ್ಸು ಎಷ್ಟು ಎಂದು ಲೆಕ್ಕ ಹಾಕಿ. ರಬ್ಬರ್ ಸೀಲ್ ಅಷ್ಟು ವರ್ಷ ಬದುಕುತ್ತದಾ?

ಚಿಕ್ಕಮಗಳೂರು_ಬುಲೆಟ್

ನಾನೂ ಒಂದು ಸಾಲು ಬರೆದು ಹೋಗುತ್ತೇನೆ. ಹಳೇ ಕಾಸ್ಟ್ ಐರನ್ ಬುಲೆಟ್‌ನವರು ಮೊದಲು ಡಿಕಂಪ್ರೆಸರ್ (ಕಿಕ್ ಹಗುರ ಆಗಲು ವಾಲ್ವ್ ಎತ್ತಿ ಹಿಡಿಯುವುದು) ಕೇಬಲ್ ನೋಡಿ. ಕೇಬಲ್ ಬಿಗಿ ಇದ್ದು ಅದು ಸ್ವಲ್ಪ ಎತ್ತಿ ಹಿಡಿದಿದ್ದರೆ ಸಾಕು, ಕಂಪ್ರೆಶನ್ ಅಲ್ಲೇ ಹೋಗುತ್ತದೆ. ಟ್ಯಾಪೆಟ್ ಕವರ್ ತೆಗೆದು ಪುಶ್‌ರಾಡ್ (ರಾಕರ್ ಎತ್ತುವ ಕಡ್ಡಿ) ಬೆರಳಿನಿಂದ ತಿರುಗಿಸಿ. ತಣ್ಣಗಿದ್ದಾಗ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಇಷ್ಟು ನೋಡದೆ ಬೋರ್ ಮಾಡಿಸಿದವರನ್ನು ನಾನು ಬಲ್ಲೆ.

ಹುಬ್ಬಳ್ಳಿ_ಗ್ಯಾರೇಜ್

ಸ್ಪ್ಲೆಂಡರಿಗೆ ಬರೋಣ. ಈಗ ಮಾಡಬೇಕಾದದ್ದು ಗಾಳಿ ಪರೀಕ್ಷೆ. ನನಗೆ ಗೇಜಿಗಿಂತ ಇದರ ಮೇಲೆ ನಂಬಿಕೆ ಜಾಸ್ತಿ. ಎಷ್ಟು ಸೋರುತ್ತಿದೆ ಎಂದು ಗೇಜ್ ಹೇಳುತ್ತದೆ, ಎಲ್ಲಿ ಸೋರುತ್ತಿದೆ ಎಂದು ಗಾಳಿ ಪರೀಕ್ಷೆ ಹೇಳುತ್ತದೆ.

ಹಳೇ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆಯಿರಿ. ಲೇತ್‌ನವರ ಹತ್ತಿರ ಕೊಟ್ಟರೆ ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಮೂತಿ ಕೂರಿಸಿಕೊಡುತ್ತಾರೆ. ಒಳಗಿನ ಪಿನ್ ತೆಗೆದುಬಿಡಿ. ಪಿಸ್ಟನ್ ಕಂಪ್ರೆಶನ್ ಸ್ಟ್ರೋಕಿನಲ್ಲಿ ಸರಿಯಾಗಿ ಮೇಲಿನ ತುದಿಗೆ ಬರಬೇಕು, ಟಿ ಗುರುತು ನೋಡಿ. ಟಾಪ್ ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಗಟ್ಟಿ ಒತ್ತಿರಲಿ. ಸ್ವಲ್ಪ ಆಚೀಚೆ ಇದ್ದರೂ ಗಾಳಿ ಬಿಟ್ಟ ಕೂಡಲೇ ಪಿಸ್ಟನ್ ಒದೆಯುತ್ತದೆ. ಅದಕ್ಕೇ ಕ್ರ್ಯಾಂಕ್ ನಟ್ಟಿನ ಮೇಲೆ ಸ್ಪ್ಯಾನರ್ ಬಿಡಬೇಡಿ, ಕೈ ಮುರಿಯುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರ್ ಸಾಕು. ಪೂರ್ತಿ ಒತ್ತಡ ಬೇಡ, 30 ಪಿಎಸ್‌ಐ ಇದ್ದರೂ ಕಿವಿಗೆ ಕೇಳುತ್ತದೆ.

ಸೈಲೆನ್ಸರ್ ತುದಿಯಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಪೈಪ್ ಬಿಚ್ಚಿ ಕಾರ್ಬೊರೇಟರ್ ಬಾಯಿಗೆ ಕಿವಿ ಕೊಡಿ, ಅಲ್ಲಿ ಕೇಳಿದರೆ ಇನ್‌ಲೆಟ್. ಆಯಿಲ್ ಡಿಪ್‌ಸ್ಟಿಕ್ ತೆಗೆದ ತೂತಿನಲ್ಲಿ ಕೇಳಿದರೆ ರಿಂಗ್. ಅಲ್ಲಿ ಸ್ವಲ್ಪ ಸದ್ದು ಹೊಸ ಎಂಜಿನ್‌ನಲ್ಲೂ ಇರುತ್ತದೆ, ರಿಂಗಿಗೆ ಸಂದು ಇರಲೇಬೇಕಲ್ಲ. ಅದಕ್ಕೆ ಹೆದರಬೇಡಿ. ಹೆಡ್ ಪ್ಯಾಕಿಂಗ್ ಸುತ್ತ, ಪ್ಲಗ್ ಬುಡದಲ್ಲಿ ಸೋಪು ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ.

ಕರಾವಳಿ_ಸವಾರಿ

ಕ್ಯಾಮ್ ಚೈನ್ (ವಾಲ್ವ್ ತೆರೆಸುವ ಕ್ಯಾಮನ್ನು ತಿರುಗಿಸುವ ಚೈನ್) ಒಂದು ಹಲ್ಲು ಹಾರಿದ್ದರೂ ಕಂಪ್ರೆಶನ್ ಕಮ್ಮಿ ಆಗುತ್ತದೆ ಅಲ್ವಾ? ಅದನ್ನು ಗಾಳಿ ಪರೀಕ್ಷೆ ಹೇಳುತ್ತದಾ?

ಹುಬ್ಬಳ್ಳಿ_ಗ್ಯಾರೇಜ್

ಒಳ್ಳೆಯ ಪ್ರಶ್ನೆ ಮೇಡಂ. ಗಟ್ಟಿಯಾಗಿ ಹೇಳುವುದಿಲ್ಲ. ಮೇಲಿನ ತುದಿಯಲ್ಲಿ ಎರಡೂ ವಾಲ್ವ್ ಮುಚ್ಚಿಯೇ ಇರಬಹುದು, ಟೈಮಿಂಗ್ ಮಾತ್ರ ತಪ್ಪಿರುತ್ತದೆ. ಆಗ ಗೇಜ್ ಕಮ್ಮಿ ತೋರಿಸುತ್ತದೆ, ಗಾಳಿ ಎಲ್ಲೂ ಸೋರುವುದಿಲ್ಲ. ಈ ಎರಡು ಒಟ್ಟಿಗೆ ಬಂದರೆ ಹೆಡ್ ಪಕ್ಕದ ಕವರ್ ತೆಗೆದು ಕ್ಯಾಮ್ ಹಲ್ಲುಚಕ್ರದ ಗುರುತು ಹೆಡ್ಡಿನ ಗುರುತಿಗೆ ಸರಿ ಇದೆಯಾ ನೋಡಬೇಕು.

ಮಡಿಕೇರಿ_ಮಳೆಗಾಲ

ಪಂಚರ್ ಅಂಗಡಿಯಲ್ಲಿ ಜನ ಸೇರಿಬಿಟ್ಟರು. ಪ್ಲಗ್ಗಿಗೆ ಯಾಕೆ ಗಾಳಿ ಹೊಡೆಸುತ್ತಿದ್ದಾನೆ ಎಂದು.

ಫಲಿತಾಂಶ: ಸೈಲೆನ್ಸರ್ ತುದಿಗೆ ಕೈ ಇಟ್ಟರೆ ಗಾಳಿ ತಾಗುವಷ್ಟು ಸೋರುತ್ತದೆ. ಕಾರ್ಬೊರೇಟರಿನಲ್ಲಿ ಏನೂ ಇಲ್ಲ. ಡಿಪ್‌ಸ್ಟಿಕ್ ತೂತಿನಲ್ಲಿ ಕಿವಿ ಹತ್ತಿರ ಇಟ್ಟರೆ ಸಣ್ಣ ಸದ್ದು. ಸೋಪು ನೀರಿನಲ್ಲಿ ಗುಳ್ಳೆ ಇಲ್ಲ.

ಗ್ಯಾರೇಜಿನವರನ್ನೂ ಕರೆದು ತೋರಿಸಿದೆ. ಅವರೂ ಕಿವಿ ಕೊಟ್ಟು ಕೇಳಿ, "ಸರಿ, ಹೆಡ್ ಮಾತ್ರ ಇಳಿಸೋಣ" ಎಂದರು. ಜಗಳ ಏನೂ ಆಗಲಿಲ್ಲ.

ಹುಬ್ಬಳ್ಳಿ_ಗ್ಯಾರೇಜ್

ಅವರ ಮೇಲೆ ನನಗೂ ಸಿಟ್ಟಿಲ್ಲ. ಇಂಥ ಪರೀಕ್ಷೆಗೆ ಒಂದು ಗಂಟೆ ಹೋಗುತ್ತದೆ. "ಬರೀ ನೋಡಿದ್ದಕ್ಕೆ ದುಡ್ಡಾ?" ಎಂದು ಕೇಳುವ ಗಿರಾಕಿಗಳೇ ಜಾಸ್ತಿ. ಎಲ್ಲ ಬದಲಾಯಿಸಿದರೆ ಗಾಡಿ ಖಂಡಿತ ಸರಿ ಆಗುತ್ತದೆ, ಮತ್ತೆ ಬಂದು ಬೈಯುವವರು ಇರುವುದಿಲ್ಲ. ಅದಕ್ಕೇ ಗ್ಯಾರೇಜಿನವರು ಆ ದಾರಿ ಹಿಡಿಯುತ್ತಾರೆ.

ಹೆಡ್ ಇಳಿಸುವಾಗ ಒಂದು ಎಚ್ಚರ. ಹೆಡ್ಡಿಗೂ ಬ್ಲಾಕಿಗೂ ಅದೇ ನಾಲ್ಕು ಸ್ಟಡ್. ಹೆಡ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಬ್ಲಾಕನ್ನೂ ಎಳೆದುಕೊಂಡು ಬರುತ್ತದೆ, ಕೆಳಗಿನ ಪ್ಯಾಕಿಂಗ್ ಹರಿಯುತ್ತದೆ. ಸ್ಟಡ್ ಮೇಲೆ ಪೈಪಿನ ತುಂಡು ಹಾಕಿ ನಟ್ಟು ಬಿಗಿದು ಬ್ಲಾಕ್ ಹಿಡಿದಿಡಿ. ಆದರೆ ನನ್ನನ್ನು ಕೇಳಿದರೆ ಬ್ಲಾಕೂ ಎತ್ತಿ ರಿಂಗ್ ಹಾಕಿಬಿಡಿ. ಹೇಗೂ ಅಷ್ಟು ದೂರ ಬಂದಿದ್ದೀರಿ.

ಬೆಂಗಳೂರು_ಟೂಲ್‌ಬಾಕ್ಸ್

ಇಲ್ಲಿ ನಾನು ಒಪ್ಪುವುದಿಲ್ಲ ಸರ್. ಗಾಳಿ ಪರೀಕ್ಷೆಯಲ್ಲಿ ರಿಂಗ್ ಪಾಸಾಗಿದೆ. ಆ ರಿಂಗ್ ಆ ಬೋರಿಗೆ ವರ್ಷಗಟ್ಟಲೆ ಉಜ್ಜಿ ಹೊಂದಿಕೊಂಡಿದೆ. ಹೊಸ ರಿಂಗ್ ನುಣುಪಾದ ಹಳೇ ಬೋರಿಗೆ ಹಾಕಿದರೆ ಕೂರುವುದಿಲ್ಲ, ಹೋನಿಂಗ್ (ಬೋರಿನ ಗೋಡೆಗೆ ಸಣ್ಣ ಓರೆ ಗೆರೆ ಎಳೆಸುವುದು) ಮಾಡಿಸಬೇಕು. ಮಾಡಿಸದೆ ಹಾಕಿದರೆ ಇಲ್ಲದ ಹೊಗೆ ಹೊಸದಾಗಿ ಶುರುವಾಗುತ್ತದೆ. ಅಳತೆ ಮಾಡದೆ ರಿಂಗ್ ಮಾತ್ರ ಹಾಕುವುದು ಅರ್ಧ ಕೆಲಸ. ಒಂದೋ ಬ್ಲಾಕ್ ಎತ್ತಿ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಅಳೆಯಿರಿ, ಇಲ್ಲವೇ ಮುಟ್ಟಬೇಡಿ.

ಹುಬ್ಬಳ್ಳಿ_ಗ್ಯಾರೇಜ್

ಹೋನಿಂಗ್ ಮಾಡಿಸಿಯೇ ಹಾಕುತ್ತೇನೆ ನಾನು. ಬ್ಲಾಕ್ ಎತ್ತಿದರೆ ರಿಂಗನ್ನು ಬೋರಿನಲ್ಲಿ ಕೂರಿಸಿ ತುದಿಗಳ ಸಂದು ಅಳೆಯಬಹುದು. 50 ಎಂ.ಎಂ. ಬೋರಿಗೆ 0.2 ಎಂ.ಎಂ. ಆಸುಪಾಸು ಇದ್ದರೆ ಹೊಸದರ ಹಾಗೆ. ಅರ್ಧ ಎಂ.ಎಂ. ಮುಟ್ಟಿದ್ದರೆ ಬದಲಾಯಿಸಲೇಬೇಕು. ಇವತ್ತು ಪಾಸಾದ ರಿಂಗ್ ಬರುವ ವರ್ಷ ಫೇಲ್ ಆದರೆ ಮತ್ತೆ ಹೆಡ್ ಇಳಿಸುವ ಕೂಲಿ ಯಾರು ಕೊಡುತ್ತಾರೆ? ನೀವು ಎಂಜಿನ್ ನೋಡುತ್ತೀರಿ, ನಾನು ಗಿರಾಕಿಯ ಜೇಬನ್ನೂ ನೋಡಬೇಕು.

ಮಡಿಕೇರಿ_ಮಳೆಗಾಲ

ಹೆಡ್ ಇಳಿಯಿತು. ಎಕ್ಸಾಸ್ಟ್ ವಾಲ್ವ್ ಅಂಚಿನಲ್ಲಿ ಒಂದು ಕಡೆ ಸಣ್ಣ ಸಣ್ಣ ಗುಂಡಿ, ಸೀಟಿನಲ್ಲೂ ಅದೇ ಜಾಗದಲ್ಲಿ ಕಪ್ಪು ಗೆರೆ. ಬಿಚ್ಚುವ ಮೊದಲು ಹೆಡ್ ತಿರುಗಿಸಿ ಪೋರ್ಟಿನೊಳಗೆ ಪೆಟ್ರೋಲ್ ಹಾಕಿ ನೋಡಿದರು. ಇನ್‌ಲೆಟ್ ಕಡೆ ಒಣಗಿಯೇ ಇತ್ತು. ಎಕ್ಸಾಸ್ಟ್ ಕಡೆ ಕೂಡಲೇ ತೊಟ್ಟಿಕ್ಕಿತು. ಬೋರಿನಲ್ಲಿ ಓರೆ ಗೆರೆಗಳು ಇನ್ನೂ ಕಾಣುತ್ತವೆ, ಉಗುರಿಗೆ ಸಿಗುವ ಗೀರು ಇಲ್ಲ. ಮೇಲಿನ ಅಂಚಿನಲ್ಲಿ ಮೆಟ್ಟಿಲು ಗೊತ್ತಾಗುವುದಿಲ್ಲ. ಹಾಗಾಗಿ ಬ್ಲಾಕ್ ಎತ್ತಿಸಲಿಲ್ಲ. ಹುಬ್ಬಳ್ಳಿ ಸರ್ ಬೇಜಾರು ಮಾಡಿಕೊಳ್ಳಬೇಡಿ.

ಹುಬ್ಬಳ್ಳಿ_ಗ್ಯಾರೇಜ್

ಬೇಜಾರೇನಿಲ್ಲ, ಗಾಡಿ ನಿಮ್ಮದು. ಓರೆ ಗೆರೆ ಕಾಣುತ್ತಿದ್ದರೆ ನಾನೂ ಎರಡು ಸಲ ಯೋಚಿಸುತ್ತಿದ್ದೆ. ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ನೋಡಿ. ವಾಲ್ವ್ ಸ್ವಲ್ಪ ಹೊರಗೆ ಎಳೆದು ತಲೆ ಹಿಡಿದು ಆಚೀಚೆ ಅಲ್ಲಾಡಿಸಿ. ಗೈಡ್ ಸಡಿಲ ಇದ್ದರೆ ಎಷ್ಟು ಗ್ರೈಂಡಿಂಗ್ ಮಾಡಿದರೂ ವಾಲ್ವ್ ಸೀಟಿನ ನಡುವೆ ಕೂರುವುದಿಲ್ಲ. ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಎಂದಿದ್ದಿರಿ. ಅದು ವಾಲ್ವ್ ಆಯಿಲ್ ಸೀಲಿನ ಲಕ್ಷಣ. ರಾತ್ರಿ ಎಣ್ಣೆ ಇಳಿದು ಕೂತಿರುತ್ತದೆ. ರಿಂಗ್ ಆಗಿದ್ದರೆ ಎಕ್ಸಲರೇಟರ್ ಕೊಟ್ಟು ಎಳೆಸುವಾಗಲೂ ಹೊಗೆ ಬರುತ್ತಿತ್ತು. ಸೀಲ್ ಎರಡೂ ಹೊಸದು ಹಾಕಿಸಿ. ಹೆಡ್ ಪ್ಯಾಕಿಂಗ್ ಹಳೇದನ್ನೇ ಹಾಕಲು ಬಿಡಬೇಡಿ.

ಕರಾವಳಿ_ಸವಾರಿ

ಗುಂಡಿ ಆಳ ಇದ್ದರೆ ವಾಲ್ವೇ ಬದಲಾಯಿಸಿ. ಪೇಸ್ಟ್ ಹಾಕಿ ಗಂಟೆಗಟ್ಟಲೆ ಉಜ್ಜಿದರೆ ಸೀಟು ಅಗಲ ಆಗುತ್ತದೆ, ಆಮೇಲೆ ಸೀಟ್ ಕಟಿಂಗ್ ಮಾಡಿಸಬೇಕು. ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಅದು ಎಣ್ಣೆಗೆ ಸೇರಿದರೆ ಸರಿ ಇದ್ದ ಬೋರನ್ನೂ ತಿನ್ನುತ್ತದೆ.

ಮಡಿಕೇರಿ_ಮಳೆಗಾಲ

ಹೊಸ ಎಕ್ಸಾಸ್ಟ್ ವಾಲ್ವ್, ಎರಡು ಸೀಲ್, ಹೆಡ್ ಪ್ಯಾಕಿಂಗ್. ಗೈಡ್ ಬಿಗಿ ಇತ್ತು. ಗ್ರೈಂಡಿಂಗ್ ಆದ ಮೇಲೆ ಪೆಟ್ರೋಲ್ ಹಾಕಿ ನೋಡಿದೆವು, ಎರಡೂ ಕಡೆ ಒಣ. ಜೋಡಿಸಿ, ಬಿಸಿ ಮಾಡಿ, ಅದೇ ಸುಳ್ಳು ಗೇಜ್ ಹಾಕಿದೆ: 84. ಬೆಳಿಗ್ಗೆ ಚೋಕ್ ಇಲ್ಲದೆ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಏರನ್ನು ಮೂರನೇ ಗೇರಿನಲ್ಲೇ ಹತ್ತಿತು. ಕಿಕ್ ಈಗ ಅಪ್ಪನಿಗೆ ಗಟ್ಟಿ ಅನ್ನಿಸುತ್ತಿದೆಯಂತೆ, ಅದೊಂದು ಹೊಸ ದೂರು.

ಹುಬ್ಬಳ್ಳಿ_ಗ್ಯಾರೇಜ್

ಒಳ್ಳೆಯದಾಯಿತು. ಹೊಸ ವಾಲ್ವ್ ಸ್ವಲ್ಪ ಕೂರುತ್ತದೆ. 500 ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ ಮತ್ತೆ ತಣ್ಣಗಿದ್ದಾಗ ನೋಡಿ. ಸಣ್ಣ ಟಿಕ್ ಟಿಕ್ ಕೇಳಿದರೆ ಬಿಗಿ ಮಾಡಿಸಲು ಓಡಬೇಡಿ.

ದಾವಣಗೆರೆ_ಡಬಲ್ಸ್

ಸರಿ ಗುರು, ಕಿಟ್ ದುಡ್ಡು ಉಳಿಯಿತು. ನನ್ನ ಪಲ್ಸರ್ ಡಿಟಿಎಸ್ಐ ಕೂಡ ಎಳೆಯುತ್ತಿಲ್ಲ. ಅದರಲ್ಲಿ ಎರಡು ಪ್ಲಗ್ ಇದೆಯಲ್ಲ, ಗೇಜ್ ಹಾಕುವಾಗ ಎರಡೂ ಬಿಚ್ಚಬೇಕಾ?

ಬೆಂಗಳೂರು_ಟೂಲ್‌ಬಾಕ್ಸ್

ಒಂದು ಮಾತ್ರ ಬಿಚ್ಚಿ, ಇನ್ನೊಂದು ಬಿಗಿಯಾಗಿ ಅಲ್ಲೇ ಇರಲಿ. ಎರಡೂ ಬಿಚ್ಚಿದರೆ ಸೊನ್ನೆ ಬರುತ್ತದೆ. ಇದಕ್ಕೂ ಪ್ಲಗ್ 10 ಎಂ.ಎಂ. ಚೂಡಿಯದ್ದೇ. ಮೊದಲು ಟ್ಯಾಪೆಟ್ ನೋಡಿ, ಆಮೇಲೆ ಗೇಜ್. ಪಲ್ಸರ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಮಾಡೆಲ್ ವರ್ಷ ಮತ್ತು ಗೇಜಿನ ವಾಲ್ವ್ ಯಾವ ತುದಿಯಲ್ಲಿದೆ ಎಂದು ಬರೆಯಿರಿ.